ಕಾರ್ಯಭಾರದ ಲೆಕ್ಕ ಮೊದಲು, ಪಾಠ ಆಮೇಲೆ: ವಿಶ್ವವಿದ್ಯಾಲಯಗಳ ಆಡಳಿತಕ್ಕೆ ಬಹಿರಂಗ ಪತ್ರ

ಇವರಿಗೆ:
ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಕುಲಸಚಿವರು ಮತ್ತು ಹಣಕಾಸು ಅಧಿಕಾರಿಗಳು
ಪ್ರತಿ: ಉನ್ನತ ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ

ವಿಷಯ: ಅತಿಥಿ ಮತ್ತು ಅರೆಕಾಲಿಕ ಉಪನ್ಯಾಸಕರ ಆಯ್ಕೆ, ಆದೇಶ ಹಾಗೂ ಗೌರವಧನದ ಕ್ರಮದ ಬಗ್ಗೆ

ಮಾನ್ಯರೇ,

ಅತಿಥಿ ಉಪನ್ಯಾಸಕರನ್ನು ಕಾಯಂ ಮಾಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಆ ಬೇಡಿಕೆ ಇದ್ದೇ ಇದೆ, ಅದರ ಹೋರಾಟ ಬೇರೆಯೇ ನಡೆದಿದೆ. ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ಪ್ರಕರಣದ ತೀರ್ಪು ಅದಕ್ಕೆ ಎಲ್ಲಿ ಅಡ್ಡ ಬರುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಇಲ್ಲಿ ಕೇಳುತ್ತಿರುವುದು ಹೊಸ ಕಾಯ್ದೆ ಬೇಕಿಲ್ಲದ, ಬಹುಪಾಲು ನಿಮ್ಮ ಕಚೇರಿಯ ಸಹಿಯಲ್ಲೇ ಮುಗಿಯುವ ಕೆಲಸ.

ತಾತ್ಕಾಲಿಕ ನೇಮಕಾತಿ ಪ್ರತಿ ವರ್ಷವೂ ಇದ್ದಕ್ಕಿದ್ದಂತೆ ಎದುರಾದ ಸಂಕಟದಂತೆ ನಡೆಯುತ್ತದೆ. ಅದರಲ್ಲಿ ಇದ್ದಕ್ಕಿದ್ದಂತೆ ಆಗುವುದು ಬಹಳ ಕಡಿಮೆ. ಯಾವ ಪ್ರಾಧ್ಯಾಪಕರು ಯಾವ ತಿಂಗಳು ನಿವೃತ್ತರಾಗುತ್ತಾರೆ ಎಂಬುದು ಅವರು ಕೆಲಸಕ್ಕೆ ಸೇರಿದ ದಿನದಿಂದಲೇ ಸೇವಾ ಪುಸ್ತಕದಲ್ಲಿದೆ. ಮುಂದಿನ ಸೆಮಿಸ್ಟರ್‌ನಲ್ಲಿ ಎಷ್ಟು ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ ಎಂಬುದು ಪಠ್ಯಕ್ರಮದಲ್ಲಿ ಅಚ್ಚಾಗಿದೆ. ಹೀಗಿದ್ದೂ ತರಗತಿ ಶುರುವಾಗಿ ತಿಂಗಳು ಕಳೆದ ಮೇಲೆ ಅಧಿಸೂಚನೆ, ಮೊದಲ ಆಂತರಿಕ ಪರೀಕ್ಷೆಯ ಹೊತ್ತಿಗೆ ಆದೇಶ. ಗೌರವಧನದ ವಿಳಂಬ, ಸೇವೆಯ ಮುರಿತ, ಅರ್ಧಕ್ಕೆ ನಿಂತ ಪಠ್ಯ, ಕೋರ್ಟಿನ ತಡೆಯಾಜ್ಞೆ ಎಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ.

ಮೊದಲು ಕಾರ್ಯಭಾರದ, ಅಂದರೆ ವಾರಕ್ಕೆ ಎಷ್ಟು ಗಂಟೆ ಪಾಠ ಎಂಬ ಲೆಕ್ಕದ ವಿಷಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ ನೇರ ಬೋಧನೆ. ಒಂದು ಎಂ.ಎಸ್ಸಿ. ವಿಭಾಗವನ್ನು ತೆಗೆದುಕೊಳ್ಳಿ. ಒಂದು ಸೆಮಿಸ್ಟರ್‌ಗೆ ನಾಲ್ಕು ಥಿಯರಿ ಪತ್ರಿಕೆ, ತಲಾ 4 ಗಂಟೆ, ಒಟ್ಟು 16. ಎರಡು ಪ್ರಾಯೋಗಿಕ ಪತ್ರಿಕೆ, ತಲಾ 4 ಗಂಟೆ, ವಿದ್ಯಾರ್ಥಿಗಳು ಎರಡು ಬ್ಯಾಚ್ ಆಗಿರುವುದರಿಂದ ಅದೂ 16. ಏಕಕಾಲಕ್ಕೆ ಎರಡು ಸೆಮಿಸ್ಟರ್ ನಡೆಯುತ್ತವೆ, ಅಲ್ಲಿಗೆ ವಾರಕ್ಕೆ 64 ಗಂಟೆ. ವಿಭಾಗದಲ್ಲಿ ಕಾಯಂ ಆಗಿ ಉಳಿದಿರುವವರು ಒಬ್ಬ ಪ್ರಾಧ್ಯಾಪಕರು, ಒಬ್ಬ ಸಹಾಯಕ ಪ್ರಾಧ್ಯಾಪಕರು ಎಂದಾದರೆ ಅವರ ಪಾಲು 30 ಗಂಟೆ. ಉಳಿದ 34 ಗಂಟೆಗೆ ಪೂರ್ಣ ಕಾರ್ಯಭಾರದ ಇಬ್ಬರು ಬೇಕು, ಮೇಲೆ ಎರಡು ಗಂಟೆ ಉಳಿಯುತ್ತದೆ. ಇದೇ ಪಟ್ಟಿ ಕುಲಸಚಿವರ ಕಚೇರಿಗೆ ಹೋದಾಗ ಅಲ್ಲಿನ ಮೇಜಿನಲ್ಲಿ ಯಾರೋ ಪ್ರಾಯೋಗಿಕದ ಎರಡು ಗಂಟೆಯನ್ನು ಒಂದು ಗಂಟೆ ಎಂದು ಎಣಿಸುತ್ತಾರೆ. 64 ಇದ್ದದ್ದು 48 ಆಗುತ್ತದೆ, 34 ಇದ್ದದ್ದು 18ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಒಬ್ಬ ಅತಿಥಿ ಉಪನ್ಯಾಸಕರು ಸಾಕು. ಪ್ರಯೋಗಾಲಯದಲ್ಲಿ ಮಾತ್ರ ಗಡಿಯಾರ ಪೂರ್ತಿ ನಾಲ್ಕು ಗಂಟೆ ಓಡುತ್ತದೆ, ಆಸಿಡ್ ಹಿಡಿದ ಹುಡುಗರ ಪಕ್ಕ ಯಾರಾದರೂ ನಿಂತಿರಲೇಬೇಕು.

ಹಾಗಾಗಿ ಪ್ರಾಯೋಗಿಕವನ್ನು ಪೂರ್ಣ ಎಣಿಸುತ್ತೀರೋ ಅರ್ಧವೋ, ಬ್ಯಾಚಿಗೆ ಗರಿಷ್ಠ ಎಷ್ಟು ವಿದ್ಯಾರ್ಥಿಗಳು, ನಾಲ್ಕನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ಮಾರ್ಗದರ್ಶನಕ್ಕೆ ವಿದ್ಯಾರ್ಥಿಗೆ ಎಷ್ಟು ಗಂಟೆ ಎಂಬುದನ್ನು ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ನಿರ್ಣಯವಾಗಿ ಬರೆದು ಎಲ್ಲ ವಿಭಾಗಗಳಿಗೂ ಒಂದೇ ಸೂತ್ರ ಕಳಿಸಿ. ಅರ್ಧವೆಂದೇ ನಿರ್ಧರಿಸುವುದಾದರೆ ಅದನ್ನೂ ಬರೆಯಿರಿ. ಬರೆದದ್ದನ್ನು ಪ್ರಶ್ನಿಸಲಾದರೂ ಸಾಧ್ಯ.

ಲೆಕ್ಕ ತಪ್ಪುವ ಇನ್ನೊಂದು ಜಾಗವಿದೆ. ಕಾಯಂ ಪ್ರಾಧ್ಯಾಪಕರೊಬ್ಬರು ಮೌಲ್ಯಮಾಪನ ಕುಲಸಚಿವರಾಗಿ ಹೋಗುತ್ತಾರೆ, ಇನ್ನೊಬ್ಬರು ಸ್ನಾತಕೋತ್ತರ ಕೇಂದ್ರದ ವಿಶೇಷಾಧಿಕಾರಿಯಾಗುತ್ತಾರೆ. ವಿಭಾಗದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 14 ಗಂಟೆ ಹಾಗೆಯೇ ಕೂತಿರುತ್ತದೆ. ಆ ಗಂಟೆಗಳನ್ನು ತೆಗೆದುಕೊಳ್ಳುವವರು ಅತಿಥಿಗಳು. ಅವು ಅವರ ಆದೇಶದಲ್ಲಿ ಇಲ್ಲದ ಕಾರಣ ಬಿಲ್ಲಿನಲ್ಲೂ ಬರುವುದಿಲ್ಲ. ಕಾರ್ಯಭಾರದ ನಮೂನೆಯಲ್ಲಿ 'ವಾಸ್ತವವಾಗಿ ಪಾಠ ಮಾಡುವ ಗಂಟೆ' ಎಂಬ ಒಂದು ಕಾಲಂ ಸೇರಿಸಿ, ಪಕ್ಕದಲ್ಲಿ ವೇಳಾಪಟ್ಟಿಯ ಪ್ರತಿ ಲಗತ್ತಿಸಲು ಹೇಳಿದರೆ ಇದು ತಕ್ಷಣ ಕಣ್ಣಿಗೆ ಬೀಳುತ್ತದೆ. ಪದವಿ ಮಟ್ಟದಲ್ಲಿ ಗೊಂದಲ ಇನ್ನೂ ಹೆಚ್ಚು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಬದಲಾದಾಗ ಕೆಳಗಿನ ತರಗತಿಗೆ ಒಂದು ಕ್ರೆಡಿಟ್ ಲೆಕ್ಕ, ಮೇಲಿನ ತರಗತಿಗೆ ಇನ್ನೊಂದು. ಹಳೆಯ ವರ್ಷದ ಕಾರ್ಯಭಾರ ಪಟ್ಟಿಯನ್ನೇ ದಿನಾಂಕ ತಿದ್ದಿ ಕಳಿಸುವ ಅಭ್ಯಾಸ ಇಂಥ ವರ್ಷಗಳಲ್ಲಿ ದುಬಾರಿಯಾಗುತ್ತದೆ.

ಇನ್ನು ಕಾಲಪಟ್ಟಿ. ತರಗತಿ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ. ಪಾಠಕ್ಕೆ ಎರಡು ವಾರ ಮುಂಚೆ ಆದೇಶ ಕೈಯಲ್ಲಿರಬೇಕು. ಅದಕ್ಕೆ ಮುಂಚೆ ಸಂದರ್ಶನಕ್ಕೆ ಒಂದು ವಾರ, ತಾತ್ಕಾಲಿಕ ಅಂಕಪಟ್ಟಿ ಪ್ರಕಟಿಸಿ ಆಕ್ಷೇಪಣೆ ಪಡೆಯಲು ಏಳು ದಿನ, ಅರ್ಜಿ ಪರಿಶೀಲನೆಗೆ ಹತ್ತು ದಿನ, ಅರ್ಜಿ ಹಾಕಲು ಹದಿನೈದು ದಿನ. ಅಧಿಸೂಚನೆಗೆ ಮುನ್ನ ಹಣಕಾಸು ವಿಭಾಗದ ಒಪ್ಪಿಗೆ, ಅದಕ್ಕೂ ಮುನ್ನ ವಿಭಾಗಗಳ ಕಾರ್ಯಭಾರ ಪಟ್ಟಿ. ಇವೆರಡಕ್ಕೆ ಒಂದು ತಿಂಗಳು. ಒಟ್ಟು ಹನ್ನೆರಡು ವಾರ. ಆಗಸ್ಟ್ ಒಂದಕ್ಕೆ ಪಾಠ ಎಂದಾದರೆ ಮೇ ಎರಡನೇ ವಾರದಲ್ಲಿ ವಿಭಾಗದ ಮುಖ್ಯಸ್ಥರು ಪಟ್ಟಿ ಕೂಡಿಸುತ್ತಿರಬೇಕು. ಆ ಹೊತ್ತಿಗೆ ಎಲ್ಲರೂ ಮೌಲ್ಯಮಾಪನದಲ್ಲಿ ಮುಳುಗಿರುತ್ತಾರೆ ಎಂಬುದು ನಿಜ. ಆದರೂ ಆ ಪಟ್ಟಿ ಒಂದು ಮಧ್ಯಾಹ್ನದ ಕೆಲಸ.

ಇದರಲ್ಲಿ ಎರಡು ಮೆಟ್ಟಿಲು ಹಾರಿದಾಗಲೆಲ್ಲ ಎಡವಿದ್ದೇವೆ ಎಂಬುದನ್ನು ನಿಮ್ಮ ಕಾನೂನು ಕೋಶದ ಕಡತಗಳೇ ಹೇಳುತ್ತವೆ. ಹಣಕಾಸು ಒಪ್ಪಿಗೆ ಇಲ್ಲದೆ ಅಧಿಸೂಚನೆ ಹೊರಡಿಸಿದರೆ ಆಯ್ಕೆ ಮುಗಿದ ಮೇಲೆ ಸಂಖ್ಯೆ ಕಡಿತವಾಗುತ್ತದೆ, ಪಟ್ಟಿಯಲ್ಲಿದ್ದವರು ನ್ಯಾಯಾಲಯಕ್ಕೆ ಹೋಗುತ್ತಾರೆ. ಆಕ್ಷೇಪಣೆಯ ಏಳು ದಿನ ಉಳಿಸಲು ಹೋದರೆ ರಿಟ್ ಅರ್ಜಿಯಲ್ಲಿ ಏಳು ತಿಂಗಳು ಹೋಗುತ್ತದೆ. ತಕರಾರು ಬಹುತೇಕ ಬರುವುದು 'ಸಂಬಂಧಿತ ವಿಷಯ' ಎಂಬ ಎರಡು ಪದದ ಮೇಲೆ: ಸೂಕ್ಷ್ಮಜೀವವಿಜ್ಞಾನದ ಹುದ್ದೆಗೆ ಜೈವಿಕ ತಂತ್ರಜ್ಞಾನದವರು ಅರ್ಹರೇ, ಗ್ರಾಮೀಣಾಭಿವೃದ್ಧಿ ಓದಿದವರು ಸಮಾಜಕಾರ್ಯಕ್ಕೆ ಬರಬಹುದೇ? ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಿಂದ ಸಮಾನ ವಿಷಯಗಳ ಪಟ್ಟಿ ಮೊದಲೇ ಪಡೆದು ಅಧಿಸೂಚನೆಯಲ್ಲೇ ಅಚ್ಚು ಮಾಡಿ. ಪರಿಶೀಲನಾ ಸಮಿತಿಯ ಮೇಜಿನ ಮೇಲೆ ತೀರ್ಮಾನವಾಗಬೇಕಾದ ಸಂಗತಿ ಅದಲ್ಲ.

ಅಂದಹಾಗೆ, ಹೋದ ವರ್ಷ ಇದೇ ಕಚೇರಿ ಪರಿಶೀಲಿಸಿ ಆಯ್ಕೆ ಮಾಡಿದ ವ್ಯಕ್ತಿಯಿಂದ ಈ ವರ್ಷ ಮತ್ತೆ ಎಸ್ಸೆಸ್ಸೆಲ್ಸಿಯಿಂದ ಪಿಎಚ್.ಡಿ.ವರೆಗಿನ ಜೆರಾಕ್ಸ್ ಎರಡು ಸೆಟ್ ಕೇಳುವುದು ಯಾಕೆ ಎಂದು ಯಾರೂ ಈವರೆಗೆ ವಿವರಿಸಿಲ್ಲ.

ಆಯ್ಕೆಯ ಅಂಕಗಳಿಗೆ ಬರೋಣ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸಲು ಯುಜಿಸಿ 2018ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಪಿಎಚ್.ಡಿ.ಗೆ 30, ಸ್ನಾತಕೋತ್ತರ ಪದವಿಗೆ ಗರಿಷ್ಠ 25, ಪದವಿಗೆ ಗರಿಷ್ಠ 15, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) 7, ಬರೀ ನೆಟ್‌ಗೆ 5, ರಾಜ್ಯಮಟ್ಟದ ಸ್ಲೆಟ್‌ಗೆ 3 ಅಂಕ. ಪ್ರಕಟಣೆಗಳಿಗೆ 10. ಬೋಧನಾ ಅನುಭವಕ್ಕೆ ವರ್ಷಕ್ಕೆ 2ರಂತೆ ಗರಿಷ್ಠ 10. ಅಂದರೆ ಐದು ವರ್ಷ ಪಾಠ ಮಾಡಿದವರಿಗೂ ಇಪ್ಪತ್ತು ವರ್ಷ ಮಾಡಿದವರಿಗೂ ಒಂದೇ ಅಂಕ. ಅದು ಯುಜಿಸಿಯ ನೀತಿ, ನಿಮ್ಮನ್ನು ದೂರುವಂತಿಲ್ಲ. ನಿಮ್ಮ ಕೈಯಲ್ಲಿರುವುದು ಬೇರೆ. ಒಂದು ವರ್ಷಕ್ಕಿಂತ ಕಡಿಮೆ ಅನುಭವಕ್ಕೆ ಅಂಕವೂ ಅದೇ ಪ್ರಮಾಣದಲ್ಲಿ ಕಡಿತ. ಸೆಮಿಸ್ಟರ್‌ಗೆ ನಾಲ್ಕು ತಿಂಗಳಂತೆ ವರ್ಷಕ್ಕೆ ಎಂಟು ತಿಂಗಳಷ್ಟೇ ನೀವು ಆದೇಶ ಕೊಟ್ಟರೆ, ಆ ಹತ್ತು ಅಂಕ ಕೂಡಲು ಐದು ವರ್ಷದ ಬದಲು ಏಳೂವರೆ ವರ್ಷ ಬೇಕಾಗುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಅದೇ ವ್ಯಕ್ತಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ, ಉತ್ತರಪತ್ರಿಕೆಯ ಮೌಲ್ಯಮಾಪನ, ಪ್ರವೇಶ ಕೌನ್ಸೆಲಿಂಗ್ ಎಲ್ಲದರಲ್ಲೂ ಇರುತ್ತಾನೆ. ಆದೇಶದಲ್ಲಿ ಮಾತ್ರ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಇನ್ನೊಂದು ಷರತ್ತು ಅದೇ ನಿಯಮಾವಳಿಯಲ್ಲಿದೆ. ನಮ್ಮವರಲ್ಲೂ ಬಹಳಷ್ಟು ಮಂದಿ ಅದನ್ನು ಓದಿಲ್ಲ. ಅಡ್‌ಹಾಕ್, ತಾತ್ಕಾಲಿಕ, ಗುತ್ತಿಗೆ, ಹೆಸರು ಏನೇ ಇರಲಿ, ಆ ಹಿಂದಿನ ಸೇವೆಯನ್ನು ನೇರ ನೇಮಕಾತಿ ಮತ್ತು ಬಡ್ತಿಗೆ ಪರಿಗಣಿಸಬೇಕಾದರೆ ಮೂರು ಸಂಗತಿ ಸಾಬೀತಾಗಬೇಕು. ಆಗ ನಿಗದಿತ ವಿದ್ಯಾರ್ಹತೆ ಇತ್ತು. ಕ್ರಮಬದ್ಧವಾಗಿ ರಚಿಸಿದ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ನೇಮಕವಾಗಿತ್ತು. ಪಡೆದ ಒಟ್ಟು ಮೊತ್ತ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಲಿಲ್ಲ. ಮೂರನೆಯದನ್ನು ಇನ್ನೊಮ್ಮೆ ಓದಿ. ಏಳನೇ ವೇತನ ಆಯೋಗದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ ₹57,700, ತುಟ್ಟಿಭತ್ಯೆ ಮತ್ತು ಮನೆ ಬಾಡಿಗೆ ಭತ್ಯೆ ಬೇರೆ. ಅತಿಥಿ ಬೋಧಕರಿಗೆ ಯುಜಿಸಿ 2019ರ ಜನವರಿಯಲ್ಲಿ ನಿಗದಿ ಮಾಡಿದ್ದು ಉಪನ್ಯಾಸಕ್ಕೆ ₹1,500, ತಿಂಗಳಿಗೆ ಗರಿಷ್ಠ ₹50,000. ಅಂದರೆ ಯುಜಿಸಿ ಹೇಳಿದ ಗರಿಷ್ಠ ಮೊತ್ತವನ್ನೇ ಪಡೆದ ಅತಿಥಿ ಉಪನ್ಯಾಸಕರೂ ಯುಜಿಸಿಯದೇ ಮೂರನೇ ಷರತ್ತಿನಲ್ಲಿ ನಪಾಸು. ಇಂದಿನ ಕಡಿಮೆ ಗೌರವಧನ ಇಂದಿನ ಮನೆ ಖರ್ಚಿಗಷ್ಟೇ ಕತ್ತರಿ ಹಾಕುವುದಿಲ್ಲ, ಹತ್ತು ವರ್ಷದ ಬಳಿಕದ ಅರ್ಜಿಯಲ್ಲಿ ಅನುಭವದ ಕಾಲಂ ಅನ್ನೂ ಖಾಲಿ ಮಾಡುತ್ತದೆ.

ಆ ₹1,500ರ ಲೆಕ್ಕವೂ ಹೊರಗಿನಿಂದ ಕಂಡಷ್ಟು ದೊಡ್ಡದಲ್ಲ. ವಾರಕ್ಕೆ 16 ಗಂಟೆಯಂತೆ ತಿಂಗಳಿಗೆ 64 ಉಪನ್ಯಾಸ. ₹50,000ದ ಮಿತಿ 33ನೇ ಉಪನ್ಯಾಸಕ್ಕೇ ಮುಗಿಯುತ್ತದೆ, ಉಳಿದ 31 ಪುಕ್ಕಟೆ. ನಿಜವಾದ ದರ ಗಂಟೆಗೆ ಸುಮಾರು ₹781. ಕಾಲೇಜು ಶಿಕ್ಷಣ ಇಲಾಖೆಯ ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರ ಜನವರಿಯ ಆದೇಶದಿಂದ ವಾರಕ್ಕೆ 15 ಗಂಟೆಗೆ ತಿಂಗಳ ಗೌರವಧನ ₹26,000ದಿಂದ ₹32,000ದವರೆಗೆ ನಿಗದಿಯಾಯಿತು. 2023ರ ಕೊನೆಯಲ್ಲಿ ನಡೆದ ಮುಷ್ಕರದ ನಂತರ ಸೇವಾವಧಿ ನೋಡಿ ₹5,000ದಿಂದ ₹8,000ದವರೆಗೆ ಸೇರಿತು. ಅತಿ ಹೆಚ್ಚು ಎಂದರೂ ₹40,000, ಗಂಟೆಗೆ ₹667. ವಿಶ್ವವಿದ್ಯಾಲಯಗಳಲ್ಲಿ ಒಂದೊಂದು ಕಡೆ ಒಂದೊಂದು ದರ, ಅದೂ ಸಿಂಡಿಕೇಟ್ ಮನಸ್ಸು ಮಾಡಿದಾಗ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ತಿಂಗಳಿಗೆ ₹30,000 ಪಡೆಯುತ್ತಿದ್ದವರಿಗೆ ಕಾಯಂ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಸಂಬಳವನ್ನು ಬಾಕಿ ಸಮೇತ ಕೊಡಬೇಕೆಂದು ಹೇಳಿತು. ಅದು ಗುತ್ತಿಗೆಯವರ ಪ್ರಕರಣ; ಗಂಟೆ ಲೆಕ್ಕದ ಅತಿಥಿಗಳಿಗೆ ನೇರವಾಗಿ ಅನ್ವಯವಾಗುತ್ತದೆ ಎಂದು ನಾವು ವಾದಿಸುವುದಿಲ್ಲ. ಆದರೆ ಪೂರ್ಣ ಕಾರ್ಯಭಾರ ಹೊತ್ತು, ಪ್ರಶ್ನೆಪತ್ರಿಕೆ ತಯಾರಿಸಿ, ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ವಿಭಾಗದ ದಾಖಲೆಗಳನ್ನು ಜೋಡಿಸಿಕೊಡುವವರನ್ನು ಗಂಟೆ ಲೆಕ್ಕದವರು ಎಂದು ಕರೆಯುವ ಕ್ರಮ ಮುಂದೊಂದು ದಿನ ಅದೇ ಪೀಠದ ಮುಂದೆ ನಿಲ್ಲಬೇಕಾದೀತು. ಗುತ್ತಿಗೆ ನೇಮಕಾತಿ ಒಟ್ಟು ಬೋಧಕ ಹುದ್ದೆಗಳ ಶೇ 10ನ್ನು ಮೀರಬಾರದು, ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆ ಇರಬಾರದು ಎಂಬ ಎರಡೂ ಮಾತು 2018ರ ನಿಯಮಾವಳಿಯಲ್ಲಿವೆ. ಎಲ್ಲರನ್ನೂ ಅತಿಥಿಗಳ ಪಟ್ಟಿಗೆ ಹಾಕಿದರೆ ಎರಡರಿಂದಲೂ ತಪ್ಪಿಸಿಕೊಳ್ಳಬಹುದು, ಅಷ್ಟೇ. 2025ರ ಜನವರಿಯ ಯುಜಿಸಿ ಕರಡು ಆ ಶೇ 10ರ ಮಿತಿಯನ್ನೇ ಕೈಬಿಟ್ಟಿತ್ತು. ಆ ಕರಡನ್ನು ಗಟ್ಟಿಯಾಗಿ ವಿರೋಧಿಸಿದ ರಾಜ್ಯ ನಮ್ಮದು. ವಿರೋಧಕ್ಕೆ ತಕ್ಕ ನಡತೆ ನಮ್ಮ ಕ್ಯಾಂಪಸ್ಸುಗಳಲ್ಲೂ ಇದ್ದರೆ ಚೆನ್ನ.

ಕೇಳುವುದು ಇಷ್ಟು: ಮಂಜೂರಾದ ಖಾಲಿ ಹುದ್ದೆಗಳ ಎದುರು, ಶೇ 10ರ ಮಿತಿಯೊಳಗೆ, ಪೂರ್ಣ ಕಾರ್ಯಭಾರ ಇರುವ ಕಡೆ ಕಾಯಂನವರಷ್ಟೇ ಸಂಬಳದ ಗುತ್ತಿಗೆ ನೇಮಕಾತಿ ಮಾಡಿ. ಉಳಿದವರನ್ನು ಅತಿಥಿಗಳಾಗಿಯೇ ತೆಗೆದುಕೊಳ್ಳುವುದಾದರೂ ಕಡತ ಸರಿಯಾಗಿರಲಿ. ಆದೇಶದ ಆ ಒಂದು ಹಾಳೆಯನ್ನು ನೋಡಿ. ಮೇಲೆ ಕ್ರಮ ಸಂಖ್ಯೆ, ಒಂದೇ ಆದೇಶದಲ್ಲಿ ಎಷ್ಟೋ ಹೆಸರು, ಕೆಳಗೆ 'ಸಂಪೂರ್ಣ ತಾತ್ಕಾಲಿಕ', 'ಯಾವುದೇ ಮುನ್ಸೂಚನೆ ಇಲ್ಲದೆ ರದ್ದುಪಡಿಸಬಹುದು', ಜೊತೆಗೆ ಛಾಪಾ ಕಾಗದದ ಮೇಲೆ ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ ಎಂಬ ಮುಚ್ಚಳಿಕೆ. ಷರತ್ತು ಒಂದೂವರೆ ಪುಟ. ಬೇಕಾದ ಮಾಹಿತಿ ಮಾತ್ರ ಅದರಲ್ಲಿ ಇರುವುದಿಲ್ಲ: ಆಯ್ಕೆ ಸಮಿತಿ ಸೇರಿದ ದಿನಾಂಕ, ವಾರದ ಗಂಟೆ, ಹುದ್ದೆ ಮಂಜೂರಾದದ್ದೇ ಅಲ್ಲವೇ, ಆ ದಿನ ಅಭ್ಯರ್ಥಿಗಿದ್ದ ವಿದ್ಯಾರ್ಹತೆ, ತಿಂಗಳ ಒಟ್ಟು ಮೊತ್ತ, ಅವಧಿಯ ಮೊದಲ ಮತ್ತು ಕೊನೆಯ ದಿನ. ಈ ಆರು ಸಾಲು ಪ್ರತಿಯೊಬ್ಬರ ಆದೇಶದಲ್ಲೂ ಬೇರೆ ಬೇರೆಯಾಗಿ ಇರಲಿ, ಸೇವಾ ಪ್ರಮಾಣಪತ್ರದಲ್ಲಿ ಅವೇ ಆರು ಸಾಲು ಮತ್ತೆ ಬರಲಿ. ಎಂಟು ವರ್ಷದ ಹಿಂದಿನ ಸೇವೆಗೆ ಪ್ರಮಾಣಪತ್ರ ಕೇಳಿ ಬಂದವರಿಗೆ 'ಹಳೆಯ ಬಿಲ್ಲು ಸ್ಟೋರಿನಲ್ಲಿದೆ, ನೋಡಬೇಕು' ಎನ್ನುವುದು ತಪ್ಪುತ್ತದೆ. ನಿಮ್ಮ ಗುಮಾಸ್ತರ ಸಮಯವೂ ಉಳಿಯುತ್ತದೆ.

ಗೌರವಧನದ ಬಿಲ್ಲು ತಡವಾಗುವುದಕ್ಕೆ ಅನುದಾನದ ಕೊರತೆ ಒಂದು ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಹಳೆಯವುಗಳ ಕೈಯಿಂದ ಕಾಲೇಜುಗಳೂ, ಅವುಗಳ ಜೊತೆ ಸಂಯೋಜನಾ ಶುಲ್ಕವೂ ಪರೀಕ್ಷಾ ಶುಲ್ಕವೂ ಹೋದವು. ಪಿಂಚಣಿಯ ಹೊರೆ ಮಾತ್ರ ಉಳಿಯಿತು. ಆದರೆ ಹಣ ಇದ್ದಾಗಲೂ ಬಿಲ್ಲು ನಿಲ್ಲುವುದನ್ನು ಕಂಡಿದ್ದೇವೆ. ಒಂದು ವಿಭಾಗದ ಆರು ಮಂದಿಯದ್ದು ಒಂದೇ ಬಿಲ್ಲು. ಒಬ್ಬರ ದಿನಚರಿಯಲ್ಲಿ ಒಂದು ಸರ್ಕಾರಿ ರಜೆಯ ದಿನ ತಪ್ಪಾಗಿ ತರಗತಿ ಎಂದು ಬರೆದಿದ್ದರೆ ಆರೂ ಮಂದಿಯದ್ದು ಆಕ್ಷೇಪಣೆಯೊಂದಿಗೆ ವಾಪಸ್. ವಿಭಾಗದ ಮುಖ್ಯಸ್ಥರು ಸೆಮಿನಾರಿಗೆ ಹೋಗಿದ್ದರೆ ಇನ್ನೊಂದು ವಾರ. ತಕರಾರಿರುವ ಒಬ್ಬರನ್ನು ಬದಿಗಿಟ್ಟು ಉಳಿದವರ ಬಿಲ್ಲು ಪಾಸು ಮಾಡುವ ಅಧಿಕಾರ ಹಣಕಾಸು ಅಧಿಕಾರಿಗಳಿಗೆ ಈಗಲೇ ಇದೆ. ತಿಂಗಳ 5ರೊಳಗೆ ದಿನಚರಿ, 10ರೊಳಗೆ ಬಿಲ್ಲು, ಆಕ್ಷೇಪಣೆ ಇದ್ದರೆ ಮೂರು ದಿನದೊಳಗೆ ಲಿಖಿತವಾಗಿ ಒಂದೇ ಸಲ ಎಲ್ಲವನ್ನೂ ತಿಳಿಸುವುದು. ಕಂತು ಕಂತಾಗಿ ಆಕ್ಷೇಪಣೆ ಬೇಡ. ತೆರಿಗೆಯನ್ನು ವೃತ್ತಿಪರ ಶುಲ್ಕ ಎಂದು ಶೇ 10 ಮುರಿಯುವ ಕಡೆಗಳಲ್ಲಿ, ವರ್ಷಕ್ಕೆ ತೆರಿಗೆಯೇ ಬಾರದಷ್ಟು ಆದಾಯದವರೂ ರಿಟರ್ನ್ಸ್ ಸಲ್ಲಿಸಿ ಹಣ ವಾಪಸ್ ಪಡೆಯಬೇಕಾಗಿದೆ. ಪ್ಯಾನ್ ಸಂಖ್ಯೆ ತಪ್ಪಾದರೆ ಶೇ 20.

ಹೆರಿಗೆ ರಜೆಯ ಬಗ್ಗೆ ಸ್ವಲ್ಪ ಸ್ಪಷ್ಟವಾಗಿ ಹೇಳಬೇಕು. ಗುತ್ತಿಗೆ ಅವಧಿ ಮುಗಿಯಿತೆಂಬ ಕಾರಣಕ್ಕೆ ಹೆರಿಗೆ ಸೌಲಭ್ಯ ಅರ್ಧಕ್ಕೆ ನಿಲ್ಲುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನಲ್ಲಿ ಅರ್ಹತೆಗೆ ಬೇಕಾದದ್ದು ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನದ ಕೆಲಸ, ಸೌಲಭ್ಯ 26 ವಾರ. ನಮ್ಮಲ್ಲಿ ಸಮಸ್ಯೆ ಬರುವುದು ಆ 80ರಲ್ಲಿ. ವೇಳಾಪಟ್ಟಿ ಮಾಡುವಾಗ ಅತಿಥಿಗಳ ತರಗತಿಗಳನ್ನು ಮೂರು ದಿನಕ್ಕೆ ಒತ್ತಿ ಹಾಕುವುದು ರೂಢಿ. ಹದಿನಾರು ವಾರದ ಸೆಮಿಸ್ಟರ್‌ಗೆ 48 ದಿನ. ಎರಡನೇ ಸೆಮಿಸ್ಟರ್‌ನ ಆದೇಶ ಆರು ವಾರ ತಡವಾದರೆ ಅಲ್ಲಿ ಸಿಗುವುದು 30. ಒಟ್ಟು 78, ಎರಡು ದಿನ ಕಡಿಮೆ. ಹಾಜರಿಯನ್ನು ತರಗತಿ ಇದ್ದ ದಿನಕ್ಕಷ್ಟೇ ಹಾಕದೆ ಆದೇಶದ ಅವಧಿಯ ಎಲ್ಲ ಕೆಲಸದ ದಿನಗಳಿಗೂ ಹಾಕಿದರೆ ಈ ಪೇಚು ಇರುವುದಿಲ್ಲ.

ಮೇಲೆ ಹೇಳಿದ ಯಾವುದೂ ನಿಜವಾದ ಅರೆಕಾಲಿಕ ಬೋಧಕರಿಗೆ ಹಾಗೆಯೇ ಹೊಂದುವುದಿಲ್ಲ. ವಕೀಲಿಕೆ ಮಾಡುತ್ತಲೇ ಕಾನೂನು ವಿಭಾಗದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳಿಕೊಡುವವರು, ಚಾರ್ಟರ್ಡ್ ಅಕೌಂಟೆಂಟರು, ಪತ್ರಿಕೆಯ ಡೆಸ್ಕಿನಲ್ಲಿ ಕೂರುವವರು, ರಂಗಕರ್ಮಿಗಳು. ಇವರಿಗೆ ಪಿಎಚ್.ಡಿ. ಅಂಕದ ಕೋಷ್ಟಕ ಹಚ್ಚಿದರೆ ಒಳ್ಳೆಯವರು ಬರುವುದೇ ಇಲ್ಲ. ಇವರಿಗೆ ಬೇಕಾದದ್ದು ಇಡೀ ಸೆಮಿಸ್ಟರ್ ಬದಲಾಗದ ವೇಳೆ (ಬೆಳಿಗ್ಗೆ 8ರಿಂದ 10, ಕೋರ್ಟಿಗೆ ಮುಂಚೆ), ಒಂದು ಇಡೀ ಪತ್ರಿಕೆಯ ಬದಲು ಎರಡು ಘಟಕ, ಗಂಟೆಗೆ ನಿಗದಿತ ಹಣ, ಉಪನ್ಯಾಸ ಮುಗಿದ ತಿಂಗಳಲ್ಲೇ ಪಾವತಿ. ವೃತ್ತಿಯಲ್ಲಿರುವ ಪರಿಣತರನ್ನು ಪಾಠಕ್ಕೆ ಕರೆತರುವ ಯುಜಿಸಿಯ 2022ರ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಮಾರ್ಗಸೂಚಿಗೆ 15 ವರ್ಷದ ಅನುಭವ ಬೇಕು, ಅದು ಮಂಜೂರಾದ ಹುದ್ದೆಗಳ ಶೇ 10ಕ್ಕೆ ಸೀಮಿತ. ಹಾಗಾಗಿ ಹಿರಿಯರಿಗಷ್ಟೇ ಹೊಂದುತ್ತದೆ. ಹತ್ತು ವರ್ಷ ಅನುಭವದ ಒಳ್ಳೆಯ ವರದಿಗಾರರಿಗೆ ನಿಮ್ಮದೇ ಪ್ರತ್ಯೇಕ ನಿಯಮ ಬೇಕು.

ಕೊನೆಗೆ, ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳ ಹೊಸ ವಿಶ್ವವಿದ್ಯಾಲಯಗಳ ವಿಷಯವನ್ನು ಇಲಾಖೆ ಬೇರೆಯಾಗಿಯೇ ನೋಡಬೇಕು. ಯುಜಿಸಿಯ 2022ರ ಪಿಎಚ್.ಡಿ. ನಿಯಮದಂತೆ ಮಾರ್ಗದರ್ಶಕರಾಗಲು ಕಾಯಂ ಬೋಧಕರೇ ಆಗಿರಬೇಕು. ಅತಿಥಿಗಳೇ ನಡೆಸುವ ವಿಭಾಗ ಎಂ.ಎ. ಪದವಿ ಕೊಡಬಹುದು, ಸಂಶೋಧನಾ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಅಲ್ಲಿಗೆ ಮೊದಲು ವಿಭಾಗಕ್ಕೆ ಒಂದಾದರೂ ಕಾಯಂ ಹುದ್ದೆ ಮಂಜೂರಾಗಲಿ, ಅತಿಥಿಗಳ ಸಂಖ್ಯೆಯ ಚರ್ಚೆ ಆಮೇಲೆ.

ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಮೂರು ವಿಷಯ ಸೇರಿಸಿ: ಕಾರ್ಯಭಾರ ಎಣಿಕೆಯ ಸೂತ್ರ, ಹನ್ನೆರಡು ವಾರದ ಕಾಲಪಟ್ಟಿ, ಆದೇಶದ ಹೊಸ ನಮೂನೆ. ಮೂರಕ್ಕೂ ಕರಡು ಸಿದ್ಧಪಡಿಸಿಕೊಡಲು, ಸಭೆಗೆ ಬಂದು ವಿವರಿಸಲು ನಾವು ತಯಾರಿದ್ದೇವೆ. ಅದಕ್ಕೆ ಗೌರವಧನ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಿರುವ ಕೆಲವು ಅತಿಥಿ ಮತ್ತು ಅರೆಕಾಲಿಕ ಉಪನ್ಯಾಸಕರು